ಚಿನ್ನದ ಬೆನ್ನು

ಹಳೆಯ ಮುಲಾಮಿನ ವಸ್ತು, ಅಂದರೆ ಮೈಗೆ ತೆಳುವಾಗಿ ಚಿನ್ನ ಹಿಡಿಸಿದ ವಸ್ತು, ಕೈಗೆ ಸಿಕ್ಕರೆ ಮೊದಲು ಅದನ್ನು ಮಗುಚಿ ಹಿಂಭಾಗ ನೋಡಬೇಕು. ಫ್ರಾನ್ಸಿನ ಹಳೇ ಕಂಚಿನ ಅಲಂಕಾರದ ಕೆಲಸವನ್ನು ಸಂಗ್ರಹಿಸಲು ಹೊರಟವರಿಗೆ ನಾನು ಹೇಳುವ ಮೊದಲ ಮಾತು ಇದು. ಮುಂಭಾಗ ದೊರೆಗಳಿಗೆ, ದೊರೆಸಾನಿಯರಿಗೆ, ಅವರ ಮನೆಗೆ ಬಂದುಹೋಗುವವರಿಗೆ ಮಾಡಿದ್ದು. ಹಿಂಭಾಗ ಮರಕ್ಕೋ ಗೋಡೆಗೋ ಒತ್ತಿಕೊಂಡು ಕೂರುವುದು, ಯಾರ ಕಣ್ಣಿಗೂ ಬೀಳದ್ದು. ಹಾಗಾಗಿ ಕೆಲಸದವರು ಅಲ್ಲಿ ಏನನ್ನೂ ಅಳಿಸಿಲ್ಲ. ಅರ ಹಾಕಿದ ಗೀರು, ಎರಕದ ಮರಳಿನ ತರಿ, ಅಂಚಿನಿಂದ ಹಿಂದಕ್ಕೆ ಹರಿದು ನಿಂತ ಚಿನ್ನದ ಹನಿ ಎಲ್ಲ ಇದ್ದಲ್ಲೇ ಇರುತ್ತವೆ. ಇನ್ನೂರು ಇನ್ನೂರೈವತ್ತು ವರ್ಷ ಕಳೆದರೂ ಆ ಕುಶಲಕರ್ಮಿಯ ಕೈ ಎತ್ತ ತಿರುಗಿತ್ತು, ಕುಂಚ ಎಲ್ಲಿ ನಿಂತಿತ್ತು ಅನ್ನುವುದು ತಿಳಿಯುತ್ತದೆ.

ನಾನು ಲಂಡನ್ನಿನಲ್ಲಿ ನೆಲೆಸಿ ಬಹಳ ಕಾಲವಾಯಿತು. ಸಂಗ್ರಹ ಎಂದೊಡನೆ ದೊಡ್ಡ ಗಡಿಯಾರ, ಆಳೆತ್ತರದ ದೀಪಸ್ತಂಭ ಅಂತ ಕಲ್ಪಿಸಿಕೊಳ್ಳಬೇಡಿ. ಅವೆಲ್ಲ ಹಣವಂತರ ಮಾತು. ನಾನು ಕೂಡಿಸುವುದು ತಬ್ಬಲಿ ತುಂಡುಗಳನ್ನು. ಬೀರುವಿನಿಂದ ಕಳಚಿ ಬಿದ್ದ ಹಿಡಿ, ಬೀಗದ ಕಂಡಿಯ ಸುತ್ತ ಕೂರಿಸುವ ತಗಡು, ಯಾವುದೋ ಗಡಿಯಾರದ ಪೀಠದಲ್ಲಿದ್ದ ಎಲೆ, ಪರದೆಯನ್ನು ಬದಿಗೆ ಸರಿಸಿ ಸಿಕ್ಕಿಸುವ ಗೋಡೆಯ ಕೊಂಡಿ. ಪೋರ್ಟೊಬೆಲ್ಲೊ ರಸ್ತೆಯ ಶನಿವಾರದ ಸಂತೆಯಲ್ಲಿ, ಪ್ಯಾರಿಸ್ ಪಕ್ಕದ ಸೇಂಟ್ ಊವಾನಿನ ಹಳೇ ಸಾಮಾನಿನ ಪೇಟೆಯಲ್ಲಿ ಇಂಥವು ತಟ್ಟೆಗಳಲ್ಲಿ ರಾಶಿ ಬಿದ್ದಿರುತ್ತವೆ. ಮೂಲ ಪೀಠೋಪಕರಣ ಕಾಣೆಯಾದ್ದರಿಂದ ಇವಕ್ಕೆ ಬೆಲೆ ಕಡಿಮೆ. ಆದರೆ ಕೆಲಸ ಅದೇ ಕೆಲಸ, ಚಿನ್ನ ಅದೇ ಚಿನ್ನ. ಮೇಲಾಗಿ ಇವುಗಳ ಬೆನ್ನು ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ. ಮ್ಯೂಸಿಯಮ್ಮಿನ ಗಾಜಿನೊಳಗಿನ ವಸ್ತುವನ್ನು ಹೀಗೆ ಮಗುಚಿ ನೋಡಲು ಯಾರು ಬಿಡುತ್ತಾರೆ?

ಸದ್ಯ ನನ್ನ ಮೇಜಿನ ಮೇಲಿರುವುದು ಅಂಥದೊಂದು ಪರದೆಯ ಕೊಂಡಿ. ಅಂಗೈ ಅಗಲದ ಗುಂಡು ತಗಡು, ಸುತ್ತ ಲಾರೆಲ್ ಎಲೆಗಳ ಬಳೆ, ನಡುವೆ ಅರಳಿದ ಹೂವು. ಶೈಲಿ ನೋಡಿದರೆ 1800ರ ಆಸುಪಾಸಿನದು. ಮುಂದೆ ಎರಡು ಬಗೆಯ ಚಿನ್ನವಿದೆ. ಎಲೆಯ ಮೈ ಮಂಕಾಗಿ, ಮಂಜು ಕೂತ ಹಾಗೆ ಬೆಳಕನ್ನು ಹೀರಿಕೊಳ್ಳುತ್ತದೆ. ಎಲೆಯ ನಡುನರ ಮತ್ತು ಬಳೆಯ ಅಂಚು ಮಾತ್ರ ಕನ್ನಡಿಯಷ್ಟು ಮಿರುಗುತ್ತವೆ. ಮಗುಚಿದರೆ ಚಿನ್ನವೇ ಇಲ್ಲ, ಕಂದು ಬಣ್ಣದ ಒರಟು ಲೋಹ. ಅಂಚಿನ ಸುತ್ತ ಮಾತ್ರ ಬೆರಳಿನುಗುರಿನಷ್ಟು ಅಗಲಕ್ಕೆ ಚಿನ್ನ ಒಳಗೆ ನುಗ್ಗಿದೆ, ಅದರಲ್ಲಿ ಕುಂಚದ ಒಂದೊಂದು ಎಳೆಯ ಗುರುತೂ ಇದೆ. ಒಂದು ಕಡೆ ಮೂರು ಗೀಟು ಅರದಿಂದ ಕೊರೆದಿದ್ದಾರೆ. ಬಿಡಿಭಾಗಗಳನ್ನು ಮುಲಾಮಿಗೆ ಬಿಚ್ಚಿ ಮತ್ತೆ ಜೋಡಿಸುವಾಗ ಯಾವುದು ಎಲ್ಲಿಯದೆಂದು ತಪ್ಪದಿರಲು ಹಾಕುತ್ತಿದ್ದ ಲೆಕ್ಕದ ಗುರುತು ಅದು. ತಿರುಪಿನ ಸುತ್ತುಗಳು ಒಂದರ ಹಾಗೆ ಒಂದಿಲ್ಲ. ಯಂತ್ರದಲ್ಲಿ ಕೊರೆದದ್ದಲ್ಲ, ಕೈಯಲ್ಲಿ ಕೊರೆದದ್ದು.

ಹಿಂಭಾಗಕ್ಕೆ ಚಿನ್ನ ಬಳಿಯದೆ ಬಿಟ್ಟದ್ದು ಚಿನ್ನ ಉಳಿಸಲು.  ಉಳಿದ ಗುರುತುಗಳನ್ನು ಅರಿಯಬೇಕಾದರೆ ಮುಲಾಮು ಹಾಕುತ್ತಿದ್ದ ಬಗೆ ತಿಳಿದಿರಬೇಕು.

ಚಿನ್ನವನ್ನು ತೆಳ್ಳಗೆ ತಟ್ಟಿ, ಸಣ್ಣಗೆ ಕತ್ತರಿಸಿ, ಮೂಸೆಯಲ್ಲಿ ಕೆಂಪಗೆ ಕಾಯಿಸಿ ಪಾದರಸಕ್ಕೆ ಹಾಕುತ್ತಾರೆ. ಚಿನ್ನ ಅದರಲ್ಲಿ ಕರಗಿಹೋಗುತ್ತದೆ. ತಣಿದ ಮೇಲೆ ಆ ಮಿಶ್ರಣವನ್ನು ಮೆತ್ತನೆಯ ಚರ್ಮದಲ್ಲಿ ಕಟ್ಟಿ ಹಿಂಡಿದರೆ ಹೆಚ್ಚಿನ ಪಾದರಸ ಚರ್ಮದ ರಂಧ್ರಗಳಿಂದ ಹೊರಬಂದು, ಒಳಗೆ ಬೆಣ್ಣೆಯಂಥ ಮುದ್ದೆ ಉಳಿಯುತ್ತದೆ. ಎರಕ ಹೊಯ್ದು, ಉಳಿಯಿಂದ ತಿದ್ದಿ, ಆಮ್ಲದಲ್ಲಿ ತೊಳೆದು ಸಿದ್ಧವಾಗಿಟ್ಟ ಲೋಹಕ್ಕೆ ಮೊದಲು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದ ಪಾದರಸದ ನೀರು ಸವರಬೇಕು, ಇಲ್ಲದಿದ್ದರೆ ಮುದ್ದೆ ಹಿಡಿಯುವುದಿಲ್ಲ. ಆಮೇಲೆ ಹಿತ್ತಾಳೆ ತಂತಿಯ ಕುಂಚದಿಂದ ಮುದ್ದೆಯನ್ನು ಬಳಿದು ಇದ್ದಿಲಿನ ಬೆಂಕಿಯ ಮೇಲೆ ಹಿಡಿಯುತ್ತಾರೆ. ಪಾದರಸ ಕುದಿಯುವುದು 357 ಡಿಗ್ರಿಗೆ, ಚಿನ್ನ ಕರಗುವುದು 1064ಕ್ಕೆ. ಪಾದರಸ ಆವಿಯಾಗಿ ಹೋಗುತ್ತದೆ, ಚಿನ್ನ ಲೋಹದ ಮೈಯೊಳಕ್ಕೆ ಕಚ್ಚಿಕೊಳ್ಳುತ್ತದೆ. ಬಿಸಿ ಇರುವಾಗಲೇ ತೆಗೆದು, ದಪ್ಪ ಕೈಗವಸು ತೊಟ್ಟ ಕೈಯಲ್ಲಿ ತಿರುಗಿಸುತ್ತ, ಕುಂಚದಿಂದ ತಟ್ಟುತ್ತ ಚಿನ್ನವನ್ನು ಸಮವಾಗಿ ಹರಡಬೇಕು. ಒಳ್ಳೆಯ ಕೆಲಸಕ್ಕೆ ಇದನ್ನೆಲ್ಲ ಮತ್ತೆ ಮತ್ತೆ ಮಾಡಬೇಕು. ಎಲ್ಲ ಮುಗಿದ ಮೇಲೂ ಚಿನ್ನ ಮಂಕಾಗಿಯೇ ಇರುತ್ತದೆ. ಅಗೇಟ್ ಕಲ್ಲಿನಿಂದಲೋ ನಯಮಾಡಿದ ಕಬ್ಬಿಣದ ಅದಿರಿನ ಕಲ್ಲಿನಿಂದಲೋ ಒತ್ತಿ ಉಜ್ಜಿ ಒಪ್ಪ ಹಾಕಿದ ಮೇಲೆಯೇ ಮಿಂಚುವುದು.

ನನ್ನ ಕೊಂಡಿಯ ಎಲೆಗಳ ಮೇಲಿನ ಆ ಮಂಜಿನಂಥ ಮಂಕು ಸುಮ್ಮನೆ ಒಪ್ಪ ಹಾಕದೆ ಬಿಟ್ಟಿದ್ದರಿಂದ ಬಂದದ್ದಲ್ಲ. ಅದೇ ಬೇರೆ ಕೆಲಸ. ಮಿಂಚಬೇಕಾದ ಜಾಗಕ್ಕೆ ಸೀಮೆಸುಣ್ಣದ ಪುಡಿ, ಸಕ್ಕರೆ, ಗೋಂದು ಕಲಸಿದ ಲೇಪ ಮೆತ್ತಿ ಕಾಪಾಡುತ್ತಾರೆ. ಉಳಿದ ಮೈಗೆ ಉಪ್ಪು, ಪಟಿಕ, ಪೆಟ್ಲುಪ್ಪು ಕಲಸಿ ಹಚ್ಚಿ ಕಾಯಿಸಿ, ಕರಗಿ ಹರಿಯುವ ಹೊತ್ತಿಗೆ ಸರಿಯಾಗಿ ನೀರಿಗೆ ಅದ್ದುತ್ತಾರೆ. ಒಂದು ಕ್ಷಣ ತಡವಾದರೂ ಕೆಲಸ ಕೆಟ್ಟಿತು. ಈ ಮಂಕು ಚಿನ್ನವನ್ನು ಹದಕ್ಕೆ ತಂದವನೆಂಬ ಹೆಸರು ಪ್ಯಾರಿಸ್ಸಿನ ಪಿಯೇರ್ ಗುಟಿಯೇರ್‌ಗೆ ಸಂದಿದೆ. ಲಂಡನ್ನಿನ ವಾಲೇಸ್ ಕಲೆಕ್ಷನ್ ಮ್ಯೂಸಿಯಮ್ಮಿಗೆ ಹೋದರೆ ಅವನ ಕೆಲಸವನ್ನು ಪುಕ್ಕಟೆಯಾಗಿ ನೋಡಬಹುದು. ಸೂರ್ಯಕಾಂತ ಶಿಲೆಯ ಬಟ್ಟಲೊಂದನ್ನು ಮೂರು ಕಾಲಿನ ಕಂಚಿನ ಪೀಠದ ಮೇಲೆ ಕೂರಿಸಿದ ಧೂಪದಾನಿ ಅಲ್ಲಿದೆ. ಕಾಲುಗಳ ನಡುವೆ ಹಾವೊಂದು ಸುತ್ತಿಕೊಂಡಿದೆ, ಕಾಲಿನ ತುದಿಗಳಲ್ಲಿ ಗಡ್ಡದ ವನದೇವತೆಗಳ ಮುಖಗಳಿವೆ. ಓಮೋಂ ಎಂಬ ಡ್ಯೂಕ್ ಅದನ್ನು ಮಾಡಿಸಿದ್ದ. ಅವನು ಸತ್ತ ಮೇಲೆ 1782ರಲ್ಲಿ ನಡೆದ ಹರಾಜಿನಲ್ಲಿ ರಾಣಿ ಮೇರಿ ಆಂಟೊನೆಟ್ಟಳ ಪಾಲಿಗೆ ಬಂತು. ಕೊಟ್ಟ ಬೆಲೆ ಆಗಿನ ಫ್ರೆಂಚ್ ನಾಣ್ಯದಲ್ಲಿ 12,000 ಲೀವ್ರ್. ಅದರ ಮುಂದೆ ನಿಂತಾಗಲೆಲ್ಲ ನನ್ನ ಕಣ್ಣು ಹೋಗುವುದು ಹಾವಿನ ಹುರುಪೆಗಳ ಕಡೆಗೆ. ಎಷ್ಟು ಮಂಕು ಬೇಕು, ಎಷ್ಟು ಮಿಂಚು ಬೇಕು ಎಂದು ಒಂದೊಂದು ಹುರುಪೆಗೂ ಯೋಚಿಸಿದವನ ಕೆಲಸ ಅದು.

ಈ ಗುಟಿಯೇರ್ 1787ರಲ್ಲಿ ದಿವಾಳಿ ಎದ್ದ. ಅವನ ದೊಡ್ಡ ಗಿರಾಕಿಗಳಲ್ಲಿ ಹದಿನೈದನೇ ಲೂಯಿಯ ಪ್ರೇಯಸಿ ಮದಾಂ ದ್ಯು ಬಾರಿಯೂ ಒಬ್ಬಳು. ಲೂವ್‌ಸಿಯೆನ್ನಿನ ಅವಳ ಮಂಟಪಕ್ಕೆ ಅವನು ಕಿಟಕಿಯ ಹಿಡಿಯಿಂದ ಹಿಡಿದು ಎಲ್ಲವನ್ನೂ ಮಾಡಿಕೊಟ್ಟಿದ್ದ. ಆ ಹಿಡಿಯ ನಡುವೆ ಅವಳ ಹೆಸರಿನ ಅಕ್ಷರಗಳನ್ನೂ ಹೆಣೆದಿದ್ದ. 1793ರ ಡಿಸೆಂಬರಿನಲ್ಲಿ ಕ್ರಾಂತಿಕಾರರು ಅವಳ ತಲೆ ತೆಗೆದಾಗ ಅವನಿಗೆ ಅವಳಿಂದ ಬರಬೇಕಾದ ದೊಡ್ಡ ಬಾಕಿ ಹಾಗೇ ಉಳಿದಿತ್ತು. ಅವನು 1813ರಲ್ಲಿ ಬಡತನದಲ್ಲಿ ಸತ್ತ.

ಗುಟಿಯೇರ್‌ಗಾದರೂ ಹೆಸರು ಉಳಿಯಿತು. ಆ ಚರ್ಮದ ಚೀಲ ಹಿಂಡುತ್ತಿದ್ದವರಿಗೆ, ಬೆಂಕಿಯ ಮೇಲೆ ಬಗ್ಗಿ ಕುಂಚ ಆಡಿಸುತ್ತಿದ್ದವರಿಗೆ ಅದೂ ಇಲ್ಲ.

ನನಗೆ ಪಾದರಸದ ಮಾತು ಬಾಲ್ಯದಿಂದ ಗೊತ್ತು. ನನ್ನ ತಾತ ಕೆಜಿಎಫ್‌ನಲ್ಲಿ ಅದಿರು ಪುಡಿ ಮಾಡುವ ಮಿಲ್ಲಿನಲ್ಲಿದ್ದವರು. ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಅದಿರಿನ ಕೆಸರನ್ನು ಹರಿಸಿದರೆ ಚಿನ್ನದ ಕಣಗಳು ಪಾದರಸಕ್ಕೆ ಅಂಟಿಕೊಳ್ಳುತ್ತವೆ. ಆ ಮಿಶ್ರಣವನ್ನು ಕೆರೆದು ತೆಗೆದು, ಕಾಯಿಸಿ, ಚಿನ್ನವನ್ನು ಬೇರೆ ಮಾಡುತ್ತಿದ್ದರು. “ಪಾದರಸ ಕಂಡ್ರೆ ಚಿನ್ನ ಬಿಡಲ್ಲ ಕಣೋ, ಅದುನ್ನ ಬಿಡಿಸೋಕೆ ಬೆಂಕೀನೇ ಬೇಕು” ಅನ್ನುತ್ತಿದ್ದರು ತಾತ. ಬಹಳ ವರ್ಷಗಳ ಮೇಲೆ ಪ್ಯಾರಿಸ್ಸಿನ ಮುಲಾಮಿನ ವಿಧಾನ ಓದುವಾಗ ಇದೇನೂ ನನಗೆ ಹೊಸದಾಗಿರಲಿಲ್ಲ. ಅಲ್ಲಿ ಕಲ್ಲಿನಿಂದ ಚಿನ್ನ ಹಿಡಿಯಲು ಬಂದ ಪಾದರಸ ಇಲ್ಲಿ ಕಂಚಿಗೆ ಚಿನ್ನ ಹಿಡಿಸಲು ಬಂದಿದೆ. ಬಿಡಿಸುವ ಬೆಂಕಿ ಎರಡೂ ಕಡೆ ಒಂದೇ. ವ್ಯತ್ಯಾಸವಿರುವುದು ಆವಿಯ ವಿಷಯದಲ್ಲಿ. ಮುಲಾಮಿನವನ ಒಲೆ ತೆರೆದ ಒಲೆ, ಅವನ ಮುಖ ಅದರ ಮೇಲೆ.

ಕೈ ನಡುಗುವುದು, ಬಾಯಲ್ಲಿ ಜೊಲ್ಲು ಸುರಿಯುವುದು, ಹಲ್ಲು ಸಡಿಲಾಗಿ ಉದುರುವುದು, ಕೊನೆಗೆ ಬುದ್ಧಿ ಸ್ಥಿಮಿತ ಕಳೆದುಕೊಳ್ಳುವುದು. ಪಾದರಸದ ಆವಿ ಕುಡಿದವರ ಪಾಡು ಇದು. ಯಾರಿಗೂ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝಿನಿ 1700ರಲ್ಲೇ ಕಸುಬುಗಳಿಂದ ಬರುವ ಕಾಯಿಲೆಗಳ ಬಗ್ಗೆ ಬರೆಯುವಾಗ ಮುಲಾಮಿನವರಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದ. ಅಂದರೆ ಗುಟಿಯೇರ್ ಹುಟ್ಟುವುದಕ್ಕಿಂತ ಮೂವತ್ತು ವರ್ಷ ಮೊದಲೇ ವೈದ್ಯರಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಕೆಲಸ ನಿಲ್ಲಲಿಲ್ಲ. ಸೇಂಟ್ ಪೀಟರ್ಸ್‌ಬರ್ಗಿನ ಸೇಂಟ್ ಐಸಾಕ್ ಕೆಥೆಡ್ರಲ್ಲಿನ ಗೋಪುರಕ್ಕೆ 19ನೇ ಶತಮಾನದಲ್ಲಿ ಇದೇ ವಿಧಾನದಿಂದ ಚಿನ್ನ ಹೊದಿಸಿದಾಗ 60 ಕೆಲಸಗಾರರು ಪಾದರಸಕ್ಕೆ ಬಲಿಯಾದರೆಂದು ಹೇಳುತ್ತಾರೆ.

ಈ ಕಥೆಯಲ್ಲಿ ನಾನು ಮನಸಾರೆ ಗೌರವಿಸುವ ಒಬ್ಬ ಮನುಷ್ಯನಿದ್ದಾನೆ. ಆಂಟ್ವಾನ್ ಆಂಡ್ರೆ ರಾವ್ರಿಯೊ ಅಂತ ಹೆಸರು. ನೆಪೋಲಿಯನ್ನನ ಅರಮನೆಗಳಿಗೆ ಕಂಚಿನ ಸಾಮಾನು ಒದಗಿಸಿದ ದೊಡ್ಡ ವ್ಯಾಪಾರಿ, ತನ್ನ ಕಾರ್ಖಾನೆಯಲ್ಲಿ ಮುಲಾಮಿನವರು ನರಳುವುದನ್ನು ದಿನಾ ನೋಡಿದವನು. 1814ರಲ್ಲಿ ಸಾಯುವ ಮುಂಚೆ ಉಯಿಲಿನಲ್ಲಿ 3,000 ಫ್ರಾಂಕ್ ತೆಗೆದಿಟ್ಟ. ಪಾದರಸದ ಆವಿಯಿಂದ ಮುಲಾಮಿನವರನ್ನು ಕಾಪಾಡುವ ಉಪಾಯ ಕಂಡುಹಿಡಿದವರಿಗೆ ಅದು ಬಹುಮಾನ. ಅದು ಸಂದದ್ದು ರಸಾಯನಶಾಸ್ತ್ರಜ್ಞ ದಾರ್ಸೆಗೆ. ಅವನು ಸೂಚಿಸಿದ ಉಪಾಯ ಬಹಳ ಸರಳ. ಹೊಗೆಗೂಡಿಗೆ ಪಕ್ಕದಲ್ಲೇ ಇನ್ನೊಂದು ಸಣ್ಣ ಒಲೆ ಉರಿಸುವುದು. ಅದರ ಬಿಸಿಗಾಳಿ ಮೇಲೇಳುವ ರಭಸಕ್ಕೆ ಕೆಲಸದ ಒಲೆಯ ಆವಿಯೆಲ್ಲ ಮೇಲಕ್ಕೆ ಸೆಳೆದುಹೋಗುತ್ತದೆ, ಕೋಣೆಯೊಳಕ್ಕೆ ಹಿಂದಿರುಗುವುದಿಲ್ಲ. ಅವನ ಬರಹ 1818ರಲ್ಲಿ ಅಚ್ಚಾಯಿತು. ಮುಲಾಮು ಹಾಕುವ ಕ್ರಮವನ್ನು ಹೆಜ್ಜೆ ಹೆಜ್ಜೆಗೂ ವಿವರಿಸಿದ ಬರಹವದು. ನಾನು ಮೇಲೆ ಬರೆದ ಲೇಪ, ಉಪ್ಪು, ಪಟಿಕದ ವಿವರಗಳೆಲ್ಲ ಅಲ್ಲಿವೆ. ಕೆಲಸದವರ ಉಸಿರು ಕಾಪಾಡಲು ಹೊರಟ ಬರಹವೇ ಕೆಲಸದ ಗುಟ್ಟನ್ನೂ ಕಾಪಾಡಿತು.

ಸಂಗ್ರಹಕಾರರ ಮಾತಿನಲ್ಲಿ ಈ ರಾವ್ರಿಯೊನ ಹೆಸರು ಬರುವುದು ಅವನ ಗಡಿಯಾರಗಳ ಬೆಲೆ ಹೇಳುವಾಗ ಮಾತ್ರ. ಅದು ನನಗೆ ಬೇಸರ ತರಿಸುತ್ತದೆ. ಹರಾಜಿನ ಕೈಪಿಡಿಯಲ್ಲಿ ಕೊಂಡವರ ಹೆಸರು, ಮಾರಿದವರ ಹೆಸರು, ಕೈ ಬದಲಾದ ಅರಮನೆಗಳ ಹೆಸರು ಸಾಲಾಗಿ ಅಚ್ಚಾಗಿರುತ್ತವೆ. ಮುಲಾಮಿನವರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಚಿನ್ನ ಇವತ್ತಿಗೂ ಮಾಸದೆ ಇರಲು ಕಾರಣ ಆ ಆವಿ ಕುಡಿದವರು. ಅವರನ್ನು ಬಿಟ್ಟು ಈ ವಸ್ತುಗಳ ಚೆಲುವನ್ನು ಹೊಗಳಲು ನನ್ನಿಂದ ಆಗುವುದಿಲ್ಲ. ಹಾಗಂತ ಇವನ್ನು ಕೊಳ್ಳಲೇಬಾರದು, ನೋಡಲೇಬಾರದು ಅನ್ನುವವರ ಮಾತನ್ನೂ ಒಪ್ಪಲಾರೆ. ಅವರು ಕೊಟ್ಟ ಬೆಲೆ ಕೊಟ್ಟಾಗಿದೆ. ಉಳಿದಿರುವುದು ಈ ಕೆಲಸವೊಂದೇ, ಅದನ್ನಾದರೂ ಕಣ್ಣಿಟ್ಟು ನೋಡೋಣ.

ಕೆಲಸಗಾರರ ಹೆಸರು ಸಿಗದಿರುವುದಕ್ಕೆ ಪ್ಯಾರಿಸ್ಸಿನ ಕಸುಬುದಾರರ ಸಂಘಗಳ ಕಟ್ಟುಪಾಡೂ ಕಾರಣ. ಮರದ ಬೀರು ಮಾಡುವವರು ತಮ್ಮ ಹೆಸರಿನ ಮುದ್ರೆ ಒತ್ತಲೇಬೇಕಿತ್ತು. ಕಂಚಿನವರಿಗೆ ಆ ನಿಯಮ ಇರಲಿಲ್ಲ. ಕಾಫಿಯೇರಿ ಮನೆತನದಂಥ ಕೆಲವರಷ್ಟೇ ತಮ್ಮ ಕೆಲಸದ ಮೇಲೆ ಹೆಸರು ಹಾಕಿದ್ದಾರೆ. ಎರಕದವರ ಸಂಘ ಬೇರೆ, ಮುಲಾಮಿನವರ ಸಂಘ ಬೇರೆ, 1776ರಲ್ಲಿ ಅವು ಒಂದಾದವು. ಇವರೆಲ್ಲರ ಕೈಲಿ ಕೆಲಸ ಮಾಡಿಸಿ, ಚೀನಾದ ಪಿಂಗಾಣಿ ಹೂಜಿಗೆ ಪ್ಯಾರಿಸ್ಸಿನ ಚಿನ್ನದ ಪೀಠ ಕಟ್ಟಿಸಿ ಸಿರಿವಂತರಿಗೆ ಮಾರುತ್ತಿದ್ದವರು ಅಂಗಡಿಕಾರರು. ಅಂಥವರಲ್ಲಿ ಲಝಾರ್ ದ್ಯುವೋ ಎಂಬವನ 1748ರಿಂದ 1758ರವರೆಗಿನ ದಿನವಹಿ ಲೆಕ್ಕದ ಪುಸ್ತಕ ಉಳಿದುಕೊಂಡಿದೆ. ಹದಿನೈದನೇ ಲೂಯಿಯ ಇನ್ನೊಬ್ಬ ಪ್ರೇಯಸಿ ಮದಾಂ ಪಾಂಪಡೂರ್ ಯಾವತ್ತು ಏನು ಕೊಂಡಳು ಅನ್ನುವುದನ್ನು ಇವತ್ತೂ ಓದಬಹುದು.

ಹೆಸರಿಲ್ಲದ ಈ ಲೋಕದಲ್ಲಿ ಒಂದೇ ಒಂದು ಗುರುತು ಮಾತ್ರ ಕಾಲವನ್ನು ಖಚಿತವಾಗಿ ಹೇಳುತ್ತದೆ. ಇಂಗ್ಲಿಷ್ ವರ್ಣಮಾಲೆಯ ‘ಸಿ’ ಅಕ್ಷರ, ಅದರ ಮೇಲೊಂದು ಪುಟ್ಟ ಕಿರೀಟ. ಕೆಲವೇ ಮಿಲಿಮೀಟರಿನ ಮುದ್ರೆ. ತಾಮ್ರ ಬೆರೆತ ಸಾಮಾನಿನ ಮೇಲೆ ಫ್ರಾನ್ಸಿನ ಸರಕಾರ ಸುಂಕ ವಸೂಲು ಮಾಡಿದ್ದಕ್ಕೆ ಒತ್ತುತ್ತಿದ್ದ ಮುದ್ರೆ ಅದು. 1745ರ ಮಾರ್ಚ್‌ನಿಂದ 1749ರ ಫೆಬ್ರವರಿವರೆಗೆ ಮಾತ್ರ ಜಾರಿಯಲ್ಲಿತ್ತು. ಸುಂಕದವರ ಕೆಲಸ ಸಂಗ್ರಹಕಾರರಿಗೆ ಇಷ್ಟು ಉಪಕಾರ ಮಾಡಿದ ಉದಾಹರಣೆ ಇನ್ನೊಂದಿರಲಾರದು. ಆದರೆ ಆ ನಾಲ್ಕು ವರ್ಷಗಳಲ್ಲಿ ಮತ್ತೆ ಮಾರಾಟಕ್ಕೆ ಬಂದ ಹಳೆಯ ವಸ್ತುಗಳಿಗೂ ಮುದ್ರೆ ಬೀಳುತ್ತಿತ್ತು ಅನ್ನುವುದನ್ನು ಮರೆಯಬಾರದು. ಮುದ್ರೆ ಇದ್ದರೆ ವಸ್ತು 1749ಕ್ಕಿಂತ ಈಚಿನದಲ್ಲ ಎನ್ನಬಹುದು, 1745ಕ್ಕಿಂತ ಹಿಂದಿನದಲ್ಲ ಎನ್ನಲಾಗದು. ಕಳ್ಳ ಮುದ್ರೆಗಳೂ ಇವೆ. ಮುದ್ರೆಯೊಂದನ್ನೇ ನಂಬಿ ಹಣ ಎಣಿಸಬೇಡಿ.

ಮೈಸೂರಿನ ಜನ ಈ ಚಿನ್ನವನ್ನು ಅದರ ಹೊಚ್ಚ ಹೊಳಪಿನಲ್ಲಿ ಕಂಡಿದ್ದರು ಅನ್ನುವುದು ನನಗೆ ತೀರಾ ಇಷ್ಟವಾದ ಸಂಗತಿ. ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು, ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮ್ಮದ್ ಉಸ್ಮಾನ್ ಖಾನ್, 1788ರ ಜೂನ್ ತಿಂಗಳಲ್ಲಿ ತೂಲಾನ್ ಬಂದರಿನಲ್ಲಿ ಇಳಿದರು. ಆಗಸ್ಟ್ 10ರಂದು ವರ್ಸೈ ಅರಮನೆಯ ಹರ್ಕ್ಯುಲಿಸ್ ಸಭಾಂಗಣದಲ್ಲಿ ಹದಿನಾರನೇ ಲೂಯಿ ಅವರಿಗೆ ದರ್ಶನ ಕೊಟ್ಟ. ಟಿಪ್ಪು ಕೇಳಿದ್ದ ಸೈನ್ಯದ ನೆರವು ದಕ್ಕಲಿಲ್ಲ. ಆದರೆ ಅವನು ಕುಶಲಕರ್ಮಿಗಳನ್ನೂ ಕೇಳಿದ್ದ, ಗಡಿಯಾರ ಮಾಡುವವರು, ಪಿಂಗಾಣಿ ಕೆಲಸದವರು ಬೇಕೆಂದು. ರಾಯಭಾರಿಗಳು ಸೆವ್ರ್ ಪಿಂಗಾಣಿ ಕಾರ್ಖಾನೆ ನೋಡಿದರು, ದೊರೆ ಅಲ್ಲಿಯ ಪಿಂಗಾಣಿಯನ್ನು ಉಡುಗೊರೆ ಕೊಟ್ಟ. ದರ್ವೇಶ್ ಖಾನರ ಆಳೆತ್ತರದ ಚಿತ್ರವನ್ನು ಎಲಿಸಬೆತ್ ವಿಜೇ ಲ ಬ್ರನ್ ಬರೆದಳು. ಶ್ರೀರಂಗಪಟ್ಟಣದಿಂದ ಹೋದ ಆ ಕಣ್ಣುಗಳು ವರ್ಸೈಯ ಕಂಚಿನ ಮುಲಾಮನ್ನು ಹೇಗೆ ಅಳೆದವೋ ಎಂದು ಯೋಚಿಸುತ್ತೇನೆ. ಟಿಪ್ಪುವಿನ ಸಿಂಹಾಸನದ ಮೇಲಿದ್ದದ್ದು ಮುಲಾಮಲ್ಲ, ಮರದ ಮೇಲೆ ಹೊದಿಸಿದ ಚಿನ್ನದ ತಗಡು. ಚಿನ್ನ ದಪ್ಪಗಿರಬೇಕು, ತೂಕಕ್ಕೆ ಬರಬೇಕು ಅನ್ನುವುದು ನಮ್ಮ ಕಡೆಯ ಅರಸರ ರೀತಿ. ಕೂದಲೆಳೆಗಿಂತ ತೆಳ್ಳಗಿನ ಪದರದಲ್ಲಿ ಮಂಕು ಮಿಂಚುಗಳ ಆಟ ಕಟ್ಟುವುದು ಪ್ಯಾರಿಸ್ಸಿನ ರೀತಿ. ಮುಂದಿನ ವರ್ಷವೇ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. 1793ರ ಆಗಸ್ಟಿನಿಂದ ಒಂದು ವರ್ಷ ವರ್ಸೈಯ ಸಾಮಾನಿನ ಹರಾಜು ನಡೆದು 17,182 ಪಾಲುಗಳಾಗಿ ಚದುರಿಹೋಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಸಿಂಹಾಸನವನ್ನೂ ತುಂಡರಿಸಿ ಹಂಚಿಕೊಂಡರು. ಅದರ ಹುಲಿಯ ತಲೆ, ಹುಮಾ ಹಕ್ಕಿ ಈಗ ವಿಂಡ್ಸರ್ ಕೋಟೆಯಲ್ಲಿವೆ. ಎರಡು ಆಸ್ಥಾನಗಳ ಚಿನ್ನವೂ ಹತ್ತು ವರ್ಷದೊಳಗೆ ಚೂರುಚೂರಾಯಿತು, ಎರಡರ ಚೂರುಗಳೂ ಇಂಗ್ಲೆಂಡಿನಲ್ಲಿ ನೋಡಸಿಗುತ್ತವೆ.

ಇನ್ನು 19ನೇ ಶತಮಾನದ ಮಾತು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನದವರು ವಿದ್ಯುತ್ತಿನಿಂದ ಚಿನ್ನ ಹಿಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು, ಪ್ಯಾರಿಸ್ಸಿನಲ್ಲಿ ಕ್ರಿಸ್ಟೋಫ್ಲ್ ಎಂಬವನು ಅದರ ಹಕ್ಕು ಕೊಂಡ. ಪಾದರಸದ ಕಾಟ ಕ್ರಮೇಣ ತಪ್ಪಿತು. ಒಳ್ಳೆಯದೇ ಆಯಿತು. ಆದರೆ ಕೊಳ್ಳುವವರು ಎರಡರ ಭೇದ ಅರಿತಿರಬೇಕು. ವಿದ್ಯುತ್ತಿನ ತೊಟ್ಟಿಯಲ್ಲಿ ಅದ್ದಿದ ವಸ್ತುವಿಗೆ ಹಿಂದೆಮುಂದೆ ಎಲ್ಲ ಕಡೆ ಚಿನ್ನ ಸಮವಾಗಿ ಕೂತಿರುತ್ತದೆ. ಕುಂಚದ ಗುರುತಿಲ್ಲ, ಹರಿದ ಹನಿಯಿಲ್ಲ. ಬಣ್ಣವೂ ತೆಳುವಾಗಿ, ಒಂದೇ ಸಮನಾಗಿ ಕಾಣುತ್ತದೆ. ಚಿನ್ನವೇ ಇಲ್ಲದೆ ಹಿತ್ತಾಳೆಗೆ ಬಣ್ಣದ ವಾರ್ನಿಷ್ ಬಳಿದು ಚಿನ್ನದ ಹಾಗೆ ಕಾಣಿಸಿದ ವಸ್ತುಗಳೂ ಹಳೆಯ ಕಾಲದಿಂದಲೂ ಇವೆ. ಅವುಗಳಲ್ಲಿ ವಾರ್ನಿಷ್ ಹೋದ ಕಡೆ ಕಪ್ಪು ಮಚ್ಚೆ ಬೀಳುತ್ತದೆ. ಸತುವಿನ ಎರಕದ ಮೇಲೆ ಚಿನ್ನದ ಬಣ್ಣ ಕೊಟ್ಟ ಗಡಿಯಾರಗಳಂತೂ ಲೆಕ್ಕವಿಲ್ಲ. ಕೈಗೆತ್ತಿಕೊಂಡರೆ ಹಗುರ, ಬೆರಳಿನಿಂದ ತಟ್ಟಿದರೆ ನಾದ ಮೊಂಡು, ಗೀಚಿದ ಕಡೆ ಬೂದುಬಣ್ಣ. ಅನುಮಾನ ತೀರದಿದ್ದರೆ ಎಕ್ಸ್‌ರೇ ಹಾಯಿಸಿ ಲೋಹ ಗುರುತಿಸುವ ಯಂತ್ರವಿದೆ. ಪಾದರಸದ ಮುಲಾಮಿನಲ್ಲಿ ಪಾದರಸ ಪೂರ್ತಿ ಹೋಗಿರುವುದಿಲ್ಲ, ಚಿನ್ನದಲ್ಲಿ ಸ್ವಲ್ಪ ಉಳಿದೇ ಇರುತ್ತದೆ. ಯಂತ್ರ ಅದನ್ನು ತೋರಿಸಿಕೊಡುತ್ತದೆ.

ಹಳೆಯದರ ನಕಲು ಎಂಬ ಒಂದೇ ಕಾರಣಕ್ಕೆ 19ನೇ ಶತಮಾನದ ಕೆಲಸವನ್ನು ಕೀಳಾಗಿ ಕಾಣುವವರು ಬಹಳ. ನಾನು ಆ ಗುಂಪಿನವನಲ್ಲ. ಬ್ಯುರ್ದಲೇ, ದಸ್ಸೋಂ, ಲಿಂಕೆ ಇವರ ಕಾರ್ಖಾನೆಗಳ ಉಳಿಕೆಲಸ ಹಳೆಯವರಿಗೆ ಸರಿಸಮ. ನಕಲನ್ನು ನಕಲೆಂದು ಹೇಳಿ ಮಾರಿದರೆ ಅದರಲ್ಲಿ ತಪ್ಪೇನು? ಇಂಗ್ಲೆಂಡಿನ ಮ್ಯಾಥ್ಯೂ ಬೋಲ್ಟನ್ ಕೂಡ ಫ್ರೆಂಚರನ್ನು ಸರಿಗಟ್ಟಲು ಬರ್ಮಿಂಗ್‌ಹ್ಯಾಮಿನ ಸೋಹೋದಲ್ಲಿ ಮುಲಾಮಿನ ಹೂಜಿ, ಗಡಿಯಾರ ಮಾಡಿಸಿದ, ಲಂಡನ್ನಿನಲ್ಲಿ ಹರಾಜಿಗಿಟ್ಟ. ಲಾಭ ಕಾಣದೆ ಜೇಮ್ಸ್ ವಾಟ್ ಜತೆ ಉಗಿಯಂತ್ರದ ಕಡೆ ಹೊರಳಿದ. ಅವನ ಮುಲಾಮಿನ ವಸ್ತುಗಳನ್ನು ಈಗ ಹುಡುಕಿ ಹುಡುಕಿ ಕೊಳ್ಳುತ್ತಾರೆ.

ಈ ವಸ್ತುಗಳನ್ನು ಕೆಡಿಸುವುದು ಕಾಲಕ್ಕಿಂತ ಹೆಚ್ಚಾಗಿ ನಮ್ಮ ಶುಚಿತ್ವ. ಕಂಚು, ಹಿತ್ತಾಳೆ ಕಂಡರೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು ನಮ್ಮ ಮನೆಗಳ ರೂಢಿ. ದೇವರ ಸಾಮಾನಿಗೆ ಅದು ಸರಿ, ಮುಲಾಮಿಗೆ ಸಲ್ಲದು. ಲೋಹ ಹೊಳೆಯಿಸುವ ಪೇಸ್ಟು, ಪುಡಿಗಳಲ್ಲಿ ಸವೆಸುವ ಕಣಗಳಿರುತ್ತವೆ. ತಿಕ್ಕಿದಷ್ಟೂ ಚಿನ್ನ ಬಟ್ಟೆಗೆ ಹೋಗುತ್ತದೆ. ಅದರಲ್ಲೂ ಮಂಕು ಚಿನ್ನವನ್ನು ಒಮ್ಮೆ ತಿಕ್ಕಿದರೆ ಆ ಮಂಜು ಮತ್ತೆ ಬರುವುದಿಲ್ಲ. ಮೆತ್ತನೆಯ ಬ್ರಷ್ಷಿನಲ್ಲಿ ದೂಳು ತೆಗೆಯಿರಿ. ಜಿಡ್ಡು ಕೂತಿದ್ದರೆ ಬಟ್ಟಿ ಇಳಿಸಿದ ನೀರಿಗೆ ಒಂದೆರಡು ಹನಿ ಸೌಮ್ಯ ಸೋಪು ಹಾಕಿ, ಹತ್ತಿಯಲ್ಲಿ ಮುಟ್ಟಿ ಮುಟ್ಟಿ ತೆಗೆದು, ಕೂಡಲೇ ಒರೆಸಿ ಒಣಗಿಸಿ. ಬರಿಗೈಯಲ್ಲಿ ಮುಟ್ಟದಿದ್ದರೆ ಇನ್ನೂ ಒಳ್ಳೆಯದು.

ಮತ್ತೆ ಮುಲಾಮು ಹಾಕಿಸುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಪೇಟೆಯಲ್ಲಿ ನನಗೆ ಪರಿಚಯದ ವ್ಯಾಪಾರಿಯೊಬ್ಬರು ಸೊಗಸಾದ ಒಂದು ಜತೆ ಮೇಣದಬತ್ತಿಯ ಕಂಬಗಳನ್ನು ಹಳೆಯ ಚಿನ್ನ ಸವೆದಿದೆಯೆಂದು ವಿದ್ಯುತ್ತಿನ ತೊಟ್ಟಿಗೆ ಕಳಿಸಿದರು. ಬಂದಾಗ ಎಲ್ಲಿ ನೋಡಿದರೂ ಒಂದೇ ಹೊಳಪು. ಎಲೆಯ ನರ, ಎಲೆಯ ಮೈ ಎಂಬ ಭೇದವೇ ಅಳಿಸಿಹೋಗಿತ್ತು. ಹಿಂದೆ ಕಂದು ಲೋಹ, ಗೀಟು, ಕುಂಚದ ಜಾಡು ಒಂದೂ ಇಲ್ಲ. ಎತ್ತಿದರೆ ಭಾರ, ಕೆತ್ತನೆ ಹಾಗೇ ಇದೆ, ಆದರೂ ಆ ಮುಲಾಮಿನವನು ಅಲ್ಲಿಂದ ಹೊರಟುಹೋಗಿದ್ದ. ಸವೆದ ಜಾಗದಲ್ಲಿ ಲೋಹ ಇಣುಕುತ್ತಿದ್ದರೆ ಇಣುಕಲಿ.

ಮರದ ಮೇಲಿನ ಮುಲಾಮು ಬೇರೆಯದೇ ಕಥೆ, ಅದಕ್ಕೆ ಪಾದರಸ ಬೇಡ. ಸೀಮೆಸುಣ್ಣ ಮತ್ತು ಪ್ರಾಣಿಯ ಗೋಂದಿನ ಗಟ್ಟಿ ಲೇಪ, ಮೇಲೆ ನುಣುಪಾದ ಕೆಮ್ಮಣ್ಣು, ಅದರ ಮೇಲೆ ಚಿನ್ನದ ರೇಕು. ಹಳೆಯ ಚಿತ್ರದ ಕಟ್ಟಿನ ಅಂಚಿನಲ್ಲಿ ಕೆಂಪು ಇಣುಕುವುದು ಈ ಕೆಮ್ಮಣ್ಣಿನಿಂದ. ಮೈಸೂರು ಶೈಲಿಯ ಚಿತ್ರ ಬರೆಯುವವರನ್ನು ಕೆಲಸದಲ್ಲಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ದೇವರ ಕಿರೀಟ, ಒಡವೆಗಳನ್ನು ಲೇಪದಿಂದ ತುಸುವೇ ಉಬ್ಬಿಸಿ ಅದರ ಮೇಲೆ ರೇಕು ಕೂರಿಸುತ್ತಾರಲ್ಲ, ಹಾಗೆ. ನಮ್ಮವರ ಕೈಯಲ್ಲಿ ಉಬ್ಬು ಎಷ್ಟು ಸಣ್ಣದೋ ಅಷ್ಟು ಚೆನ್ನ. ಐರೋಪ್ಯರ ಕಟ್ಟುಗಳಲ್ಲಿ ಅದು ಕೆತ್ತನೆಯ ಮೈಯನ್ನೇ ಮುಚ್ಚುವಷ್ಟು ದಪ್ಪ.

ಪಾದರಸದ ಮುಲಾಮು ಯುರೋಪಿನಲ್ಲಿ ಹೆಚ್ಚುಕಡಿಮೆ ನಿಂತುಹೋಗಿದೆ. ಪಾದರಸದ ಬಳಕೆಯನ್ನು ತಗ್ಗಿಸಲು ದೇಶಗಳು ಒಪ್ಪಿದ ಮಿನಮಾಟಾ ಒಪ್ಪಂದ 2017ರಲ್ಲಿ ಜಾರಿಗೆ ಬಂತು. ಆದರೆ ನೇಪಾಳದ ಪಾಟನ್ನಿನಲ್ಲಿ ನೇವಾರಿ ಕುಶಲಕರ್ಮಿಗಳು ಬುದ್ಧ, ತಾರಾ ವಿಗ್ರಹಗಳಿಗೆ ಇವತ್ತಿಗೂ ಇದೇ ರೀತಿ ಚಿನ್ನ ಹಿಡಿಸುತ್ತಾರೆ. ಅಗೇಟ್ ಕಲ್ಲಿನಲ್ಲಿ ಒಪ್ಪ ಹಾಕುವುದೂ ಅಲ್ಲಿ ಉಂಟು. ಮುಂದಿನ ಸಲ ಊರಿಗೆ ಬರುವಾಗ ಕಠ್ಮಂಡು ಹಾದು ಬರಬೇಕೆಂದುಕೊಂಡಿದ್ದೇನೆ. ವಿಗ್ರಹ ಕೊಳ್ಳಲು ಅಲ್ಲ. ಒಲೆಯ ಮೇಲಿನ ಹೊಗೆಗೂಡು ಹೇಗಿದೆ, ಕೆಲಸದವರು ಬಾಯಿಗೆ ಏನು ಕಟ್ಟಿಕೊಳ್ಳುತ್ತಾರೆ, ಮುದ್ದೆ ಹಿಂಡುವ ಕೆಲಸ ಮನೆಯಲ್ಲಿ ಯಾರ ಪಾಲಿಗೆ ಬೀಳುತ್ತದೆ ಅನ್ನುವುದನ್ನು ಅವರನ್ನೇ ಕೇಳಬೇಕು. ದಾರ್ಸೆಯ ಎರಡನೇ ಒಲೆಯ ನಕ್ಷೆಯನ್ನು ಜತೆಗೆ ಒಯ್ಯುತ್ತೇನೆ. ಅದನ್ನು ಕಟ್ಟಲು ಇಟ್ಟಿಗೆ, ಇದ್ದಿಲು ಬಿಟ್ಟರೆ ಹೆಚ್ಚೇನೂ ಬೇಕಿಲ್ಲ.